ಪಟ್ಟಿಯಲ್ಲಿ ಇಲ್ಲದ ರಜೆ

ಮಾರ್ಚ್ 8, ಸಾಗರ

ಮತ್ತೆ ರಜೆ ಪಟ್ಟಿ. ಕೆಲಸದ ದಿನ ಎಣಿಸುವ ನಮ್ಮ ಆ್ಯಪ್‌ಗೆ ಸರ್ಕಾರಿ ರಜೆ ತುಂಬಿಸುವುದು ನಾನು. ಹೋದ ಮಳೆಗಾಲದಲ್ಲಿ ಹೊಸನಗರಕ್ಕೆ ಮಳೆ ರಜೆ ಅಂತ ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಿ ಹಾಕಿದ್ದೆ. ನಕಲಿ ಆದೇಶ. ಚೆನ್ನಾಗಿ ಬೈಸಿಕೊಂಡೆ. ಅಂದಿನಿಂದ ಒಂದೇ ರೂಲ್ — ಆದೇಶ ಕಣ್ಣಿಗೆ ಕಾಣದೆ ಪಟ್ಟಿ ಮುಟ್ಟುವುದಿಲ್ಲ.

10ಕ್ಕೆ ಕೋರ್ಟು. ವಿಚ್ಛೇದನದ ಕೊನೆಯ ಹಿಯರಿಂಗ್. ಇಬ್ಬರೂ ಒಪ್ಪಿದ್ದೇವೆ ಅಂದರೆ ಮುಗಿಯಿತು. ಅಳು ಬರುತ್ತದೇನೋ ಅಂತ ಕಾದೆ. ಬರಲಿಲ್ಲ. ಅನ್ನಕ್ಕಿಟ್ಟೆ.

ಮಾರ್ಚ್ 9, ಸಂಜೆ

ಪಕ್ಕದ ಮನೆ ಯಶೋಧಕ್ಕ ತಾರಸಿಯಿಂದ ಕೂಗಿದರು. "ಮೇಘನಾ, ಚಂದ್ರ ಕಾಣ್ತು ನೋಡು! ರಂಜಾನ್ ನಾಳೆನೇ ಅಂತೆ."

ನಾನೂ ನೋಡಿದೆ. ತೆಳ್ಳಗಿತ್ತು. ಆದರೆ ಪಟ್ಟಿಯಲ್ಲಿ ರಜೆ 11ಕ್ಕೆ. ಸರ್ಕಾರದ ವೆಬ್‌ಸೈಟ್ ತೆರೆಯುತ್ತಿಲ್ಲ. ಲಾಯರ್ ನಟರಾಜ್ ಫೋನ್ ಎತ್ತಲಿಲ್ಲ. ಪಟ್ಟಿ ಹಾಗೇ ಬಿಟ್ಟೆ.

ಮಾರ್ಚ್ 10

ಕೋರ್ಟಿನ ಗೇಟಿಗೆ ಬೀಗ. ರಜೆ ಬದಲಾದ ಆದೇಶ ರಾತ್ರಿ ಬಂದಿತ್ತಂತೆ. ಗೇಟಿನ ಮುಂದೆ ಒಬ್ಬರೇ ನಿಂತಿದ್ದರು — ತೀರ್ಥೇಶ್. ನನ್ನ ಗಂಡ. ಇನ್ನೂ.

"ಎಂತ, ರಜೆ ಅಂತಲ್ಲ?" ಅಂದರು.

"ತೀರ್ಥಹಳ್ಳೀಲಿ ಯಾರೂ ಹೇಳ್ಲಿಲ್ವಾ ನಿಮ್ಗೆ?"

"ಬಸ್ಸಲ್ಲಿ ಎಲ್ರೂ ಹೇಳಿದ್ರು. ನಿನ್ನ ಆ್ಯಪ್ ನೋಡ್ದೆ. ಕೆಲಸದ ದಿನ ಅಂತಿತ್ತು. ಬಂದೆ."

ಜೊತೆಗಿದ್ದಷ್ಟು ದಿನ ಊರವರ ಮಾತು ಕೇಳಿ ನನ್ನ ಒಂದು ಮಾತನ್ನೂ ನಂಬದವರು. ಇವತ್ತು ಬಸ್ ತುಂಬಾ ಜನ ಹೇಳಿದರೂ ಇಳಿಯಲಿಲ್ಲ. ನಾನು ಹೇಳಿದ್ದು ತಪ್ಪಾಗಿದ್ದ ದಿನವೇ ನಂಬಬೇಕಿತ್ತೇ? ಸಿಟ್ಟೂ ಬರಲಿಲ್ಲ. ಚಹಾ ಕುಡಿದೆವು. ನನ್ನ ಚಹಾಕ್ಕೆ ಸಕ್ಕರೆ ಬೇಡ ಅಂತ ಅಂಗಡಿಯವನಿಗೆ ಅವರೇ ಹೇಳಿದರು.

ಮಾರ್ಚ್ 11

ಪಟ್ಟಿ ತಿದ್ದಿದೆ. ಕೋರ್ಟಿನ ಹೊಸ ತಾರೀಖು 24.

ಮಾರ್ಚ್ 23

ತೀರ್ಥೇಶ್ ಮೆಸೇಜು. "ನಾಳೆ ಕೋರ್ಟ್ ಇದ್ಯಾ? ಬೇರೆ ಯಾರನ್ನೂ ಕೇಳಿಲ್ಲ. ಇದೆ ಅಂದ್ರೆ ಬರ್ತೀನಿ."

ಪಟ್ಟಿ ನೋಡಿದೆ. ಆದೇಶವನ್ನೂ ನೋಡಿದೆ. ರಜೆ ಇಲ್ಲ. "ಇದೆ" ಎಂದು ಟೈಪ್ ಮಾಡಿದೆ. ಕಳಿಸಲಿಲ್ಲ. ಎದೆ ಡವಡವ ಅನ್ನುತ್ತಿದೆ, ಇಷ್ಟು ದಿನ ಇಲ್ಲದ್ದು. ನಾನು ಇಲ್ಲ ಅಂದರೂ ನಂಬುತ್ತಾರೆ. ಈಗ ನಂಬುತ್ತಾರೆ. ಅಳಿಸಿ, "ನಾಳೆ ರಜೆ" ಎಂದು ಟೈಪ್ ಮಾಡಿದೆ. ಇನ್ನೂ ಕಳಿಸಿಲ್ಲ.