ಅಮ್ಮ ಹಿಡಿಯುವ ವೈರು

ಮೆಕ್ಯಾನಿಕ್ ಅಣ್ಣನವರಿಗೆ ನಮಸ್ಕಾರ.

ಅಮ್ಮನ ಎದುರು ಹೇಳಲಾಗದ್ದನ್ನು ಬರೆದು ಕೀ ಜೊತೆ ಇಟ್ಟಿದ್ದೇನೆ.

ಈ ಕಾರನ್ನು ಗುಜರಿಗೆ ಹಾಕಿ ಅಂದಿರಿ. ನೀವು ಹೇಳಿದ್ದು ಸರಿಯೇ. ವೈಪರ್ ಹಾಕಿದರೆ ಹೆಡ್‌ಲೈಟ್ ಆರುತ್ತದೆ. ಆದರೂ ದಯವಿಟ್ಟು ರಿಪೇರಿ ಮಾಡಿಕೊಡಿ.

ಡ್ಯಾಶ್‌ಬೋರ್ಡ್ ಕೆಳಗಿನ ಕೆಂಪು ವೈರನ್ನು ಒತ್ತಿ ಹಿಡಿಯದಿದ್ದರೆ ಎಂಜಿನ್ ನಿಲ್ಲುತ್ತದಲ್ಲ, ಅದನ್ನು ಹಿಡಿಯುವುದು ಅಮ್ಮ. ಅವಳು ವಾರಕ್ಕೆ ಮೂರು ಸಲ ಡಯಾಲಿಸಿಸ್ಸಿಗೆ ಹೋಗಬೇಕು. "ಯಾವ ಕೆಲಸಕ್ಕೂ ಬಾರದವಳು ನಾನು, ಬಿಟ್ಟುಬಿಡು" ಎಂದು ಹಟ ಹಿಡಿದಿದ್ದಳು. ಈ ವೈರು ಸಡಿಲವಾದ ಮೇಲೆ ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ನಿಂತಿರುತ್ತಾಳೆ. "ನಾನಿಲ್ಲದಿದ್ರೆ ಇವಳ ಗಾಡಿ ಗೇಟೂ ದಾಟಲ್ಲ" ಎಂದು ನರ್ಸುಗಳ ಮುಂದೆ ಜಂಬ ಬೇರೆ.

ಮೊನ್ನೆ ವಾಪಸು ಬರುವಾಗ ಸುಸ್ತಾಗಿ ತೂಕಡಿಸಿದಳು, ಕೈ ಜಾರಿತು. ಸೇತುವೆಯ ನಡುವೆ ಕಾರು ನಿಂತಿತು, ಬೆನ್ನಿಗೇ ಲಾರಿ. ಪೆಟ್ರೋಲ್ ಖಾಲಿ ಎಂದು ಸುಳ್ಳು ಹೇಳಿದೆ. ನನ್ನ ಮುಖವನ್ನೇ ನೋಡಿದಳು, ಆಮೇಲೆ ಪೆಟ್ರೋಲ್ ಮುಳ್ಳಿನತ್ತ ಕಣ್ಣು ಹಾಯಿಸಿದಳು.

ಒಳಗಿನಿಂದ ಹೊಸ ವೈರು ಎಳೆಯಿರಿ. ಆ ಕೆಂಪು ವೈರನ್ನು ಮಾತ್ರ ಕರೆಂಟು ತೆಗೆದು ಅಲ್ಲೇ ನೇತಾಡಲು ಬಿಡಿ. ನಾಳೆ ಕಾರು ಒಯ್ಯಲು ಅಮ್ಮನೂ ಬರುತ್ತಾಳೆ. "ಇದೊಂದು ಸರಿಹೋಗಲಿಲ್ಲಮ್ಮ, ನೀವೇ ಹಿಡ್ಕೋಬೇಕು" ಎಂದು ನೀವೇ ಹೇಳಿ.

ನಾನು ಹೇಳಿದರೆ ಇನ್ನು ನಂಬುವುದಿಲ್ಲ.

ಇಂತಿ,
ಬಿಳಿ ಕಾರಿನವಳು