ನನ್ನ ಕವರಿನ ಒಪ್ಪಿಗೆ

ಕುದ್ರೋಳಿ, ಮಂಗಳೂರು
೯ ಅಕ್ಟೋಬರ್ ೧೯೩೭

ಪ್ರೀತಿಯ ತಮ್ಮ ಮೋಹನದಾಸನಿಗೆ,

ನಾವೆಲ್ಲ ಕ್ಷೇಮ. ಮದ್ರಾಸಿನಲ್ಲಿ ನಿನ್ನ ವಕೀಲಿ ಚೆನ್ನಾಗಿ ನಡೆಯುತ್ತಿದೆಯೆಂದು ನಂಬಿದ್ದೇನೆ. ನಿನ್ನ ತೀರ್ಪು ಕೈಸೇರಿ ಹದಿನೈದು ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರಿಸಬೇಡ; ಪಾತ್ರೆಪಗಡ ಕಟ್ಟುತ್ತಿದ್ದೆ. ಕುಲಶೇಖರದಲ್ಲಿ ಒಂದು ಕೋಣೆ ಸಿಕ್ಕಿದೆ. ಹೊಲಿಗೆಯ ಮೆಷಿನು ಹಿಡಿಸುತ್ತದೆ, ನನ್ನ ಹೆಣ್ಣುಮಕ್ಕಳಿಬ್ಬರೂ ಹಿಡಿಸುತ್ತಾರೆ, ನಾನು ಬಾಗಿಲ ಬಳಿ ಮಲಗಿದರಾಯಿತು.

ನೀನು ಲಾ ಕಾಲೇಜಿನಿಂದ ರಜೆಗೆ ಬಂದಿದ್ದ ಆ ಮೇ ತಿಂಗಳು ನೆನಪಿದೆಯೇ? ಅಕ್ಕುವಕ್ಕ, ನಾನು, ದೇಯಿ, ಮೂವರು ಅಕ್ಕಂದಿರನ್ನೂ ಇದೇ ಜಗಲಿಯಲ್ಲಿ ಕೂರಿಸಿ ನೀನು ಅಮೆರಿಕದ ಕಥೆ ಹೇಳಿದೆ. ನಾವು ಹಲಸು ಬಿಡಿಸುತ್ತಿದ್ದೆವು, ನೀನು ತಿನ್ನುತ್ತಿದ್ದೆ. "ಹದಿಮೂರು ರಾಜ್ಯ ಸೇರಿ ಒಂದು ಒಕ್ಕೂಟ. ಬರೆದು ಕೊಟ್ಟಷ್ಟೇ ಅಧಿಕಾರ ಒಕ್ಕೂಟಕ್ಕೆ, ಉಳಿದದ್ದು ರಾಜ್ಯಕ್ಕೆ. ಸೆನೆಟಿನಲ್ಲಿ ಸಣ್ಣ ರಾಜ್ಯಕ್ಕೂ ದೊಡ್ಡದರಷ್ಟೇ ಮತ. ಅಧ್ಯಕ್ಷ ತಪ್ಪಿದರೆ ಹೇಳ್ಲಿಕ್ಕೆ ಕೋರ್ಟು ಉಂಟು." ಆಮೇಲೆ ನೀನೇ ಅಂದೆ: "ಹೆಣ್ಣಿನ ಕಡೆ ಆಸ್ತಿ ಹೋಗುವ ನಮ್ಮ ಅಳಿಯಸಂತಾನದ ಮನೆ ಅದಕ್ಕಿಂತ ಬೇರೆ ಎಂತ? ನಿಮ್ಮ ಮೂವರ ಸಂತತಿ ಮೂರು ಕವರು, ಅಂದ್ರೆ ಮೂರು ರಾಜ್ಯ. ಯಜಮಾನರು, ನೋಣಯ್ಯ ಮಾವ, ಅಧ್ಯಕ್ಷ."

ಕರಾರು ಬರೆದವನೂ ನೀನೇ. ಒಂದೊಂದು ಕವರಿನ ಮನೆ ಆ ಕವರಿಗೇ, ಈ ಕುದ್ರೋಳಿಯ ಮನೆ ನನ್ನದಕ್ಕೆ. ಅವರ ಒಪ್ಪಿಗೆಯಿಲ್ಲದೆ ಯಜಮಾನರು ಮುಟ್ಟುವಂತಿಲ್ಲ. ತಕರಾರು ಬಂದರೆ ಮೋಹನದಾಸನ ತೀರ್ಪೇ ಕೊನೆಯದು. ಮಾವ ಗೊಣಗುತ್ತಲೇ ರುಜು ಹಾಕಿದರು. "ಎಲ್ಲರ ಹಿತಕ್ಕೆ ಬೇಕಾದದ್ದನ್ನು ಯಜಮಾನರು ಮಾಡಬಹುದು" ಎಂಬ ಸಾಲು ಯಾಕೆಂದು ನಾನು ಕೇಳಿದ್ದೆ. "ಅಮೆರಿಕದಲ್ಲೂ ಅಂಥದ್ದು ಉಂಟು, ನೀನು ಹೆದರಬೇಡ ಮಾರಾಯ್ತಿ" ಎಂದೆ ನೀನು.

ಹೋದ ತಿಂಗಳು ಮಾವ ಬಂದು, "ಈ ಮನೆ ಕುಟುಂಬದ ಕೆಲಸಕ್ಕೆ ಬೇಕು, ಬಿಡು" ಎಂದರು. ಎಂತ ಕೆಲಸವೆಂದು ಕೇಳಿದರೆ, "ಅದು ಮತ್ತೆ ಗೊತ್ತಾಗ್ತದೆ" ಎಂದರು.

"ನನ್ನ ಕವರಿನ ಒಪ್ಪಿಗೆ ಇಲ್ಲ. ನಮ್ಮ ಕೋರ್ಟಿಗೆ ಬರೀತೇನೆ" ಎಂದೆ. ದೇಯಿ ಹೆದರಿ ನನ್ನ ಸೆರಗು ಎಳೆದಳು. ನನಗೆ ಮಾತ್ರ ಎಂಥ ಧೈರ್ಯ! ಅಮ್ಮ ಹೋದ ಮೇಲೆ ಆ ಕೋರ್ಟನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನಲ್ಲವೇ.

ನಿನ್ನ ತೀರ್ಪು ಎರಡೇ ಸಾಲು: ಎಲ್ಲರ ಹಿತವು ಒಂದು ಕವರಿನ ಹಕ್ಕಿಗಿಂತ ದೊಡ್ಡದು, ವಾರಿಜಾಕ್ಷಿ ಮನೆ ಬಿಡತಕ್ಕದ್ದು. ಅಕ್ಕ ಎಂಬ ಒಂದು ಮಾತೂ ಇಲ್ಲ. ಆದರೂ ಬಿಡುತ್ತೇನೆ. ನಾನೂ ರುಜು ಹಾಕಿದವಳೇ.

ಮದ್ರಾಸಿನ ನೀರು ಕುದಿಸಿ ಕುಡಿ. ನಿನ್ನ ಆಯುಷ್ಯ ಗಟ್ಟಿಯಿರಲಿ, ಕೈಗೆತ್ತಿಕೊಂಡ ಕೇಸುಗಳೆಲ್ಲ ಗೆಲ್ಲಲಿ.

ಇಂತು ನಿನ್ನ
ವಾರಿಜಕ್ಕ

ವಿ.ಸೂ.: ಇದನ್ನು ಅಂಚೆಗೆ ಹಾಕುವ ಮೊದಲೇ ಮದುವೆಯ ಕಾಗದ ಬಂತು. ಮಾವನ ಮಗಳು ಜಯಳಿಗೂ ನಿನಗೂ. ಮದುವೆಯಾಗಿ ಮಂಗಳೂರಿಗೇ ಬರುತ್ತೀಯಂತೆ, ವಾಸ ಈ ಮನೆಯಲ್ಲೇ, ಆಫೀಸು ಈ ಜಗಲಿಯಲ್ಲೇ ಅಂತೆ. ಕರಾರು ಓದಿದ ದಿನ ನಾನೊಂದು ತಮಾಷೆ ಮಾಡಿದ್ದೆ: "ಕೋರ್ಟಿನವನು ಅಧ್ಯಕ್ಷನ ಮಗಳನ್ನೇ ಮದುವೆಯಾದ್ರೆ ಎಂತ ಮಾಡುವುದು?" ನೀನು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಅದನ್ನು ಅಮೆರಿಕದವರೂ ಯೋಚಿಸ್ಲಿಲ್ಲ ಅಕ್ಕಾ" ಎಂದಿದ್ದೆ. ಜಯಳ ಮಾತು ಆಗಲೇ ಆಗಿತ್ತೇ, ತಮ್ಮಾ? ಇದೊಂದನ್ನು ನನಗೆ ಬರೆದು ತಿಳಿಸು.