ಒಂದು ಹಿಡಿ ಹುಳದ ಮಣ್ಣು

ಸಸಿಮನೆಯ ಬಾಗಿಲಿಂದ,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಇವಳೇ,

ಹೇಗಿದ್ದೀಯಾ? ನಿನ್ನ ಮಂಡಿ ಏನನ್ನುತ್ತದೆ? ಮಗಳು ಹೊಟ್ಟೆ ತುಂಬ ಊಟ ಮಾಡುತ್ತಿದ್ದಾಳಾ? ಮೊಮ್ಮಗಳು ರಾತ್ರಿಯಿಡೀ ಮನೆಮಂದಿಯನ್ನೆಲ್ಲ ಎಬ್ಬಿಸಿ ಕೂರಿಸುತ್ತಾಳಂತೆ. ಅಜ್ಜಿಯ ಗಂಟಲೇ ಬಂದಿರಬೇಕು. ತೊಟ್ಟಿಲು ಒಯ್ಯಲು ಬಂದ ಅಳಿಯ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಾನೆ, ಪಾಪ. ಸಂಜೆ ಬಸ್ಸಿಗೆ ಹೊರಡುವಾಗ ಅವನ ಕೈಲೇ ಈ ಕಾಗದ ಕೊಡುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನಗೆ ಎರಡು ಮಾತು ಪೂರ್ತಿ ಆಡಲು ಬಿಟ್ಟದ್ದು ಯಾವಾಗ? ನಾನು ಚೆನ್ನಾಗಿದ್ದೇನೆ. ಅನ್ನ ಒಂದು ದಿನ ಅಂಟು, ಇನ್ನೊಂದು ದಿನ ಅಕ್ಕಿ, ಅಷ್ಟೇ.

ಸಸಿಮನೆಯ ಸುದ್ದಿ ಎಲ್ಲಿಂದ ಶುರುಮಾಡಲಿ ಎಂದೇ ತಿಳಿಯುತ್ತಿಲ್ಲ. ಜೀವಮಾನವೆಲ್ಲ ಹೊಲಿಗೆ ಯಂತ್ರ ತುಳಿದವನ ಕೈಗೆ ಅದನ್ನು ಒಪ್ಪಿಸಿ ನೀನು ಮಗಳ ಬಾಣಂತನಕ್ಕೆ ಹೋದೆ. ನನಗೆ ಬಟ್ಟೆಯ ಉಲ್ಟಾ ಸೀದಾ ಗೊತ್ತು, ಎಲೆಯದು ಗೊತ್ತಿಲ್ಲ. ಮೂಲೆಯ ಮಡಿಯಲ್ಲಿ ಟೊಮೆಟೊ ಸಸಿಗಳು ಮಧ್ಯಾಹ್ನ ತಲೆ ತಗ್ಗಿಸಿ ಸಂಜೆಗೆ ಎತ್ತುತ್ತಿದ್ದವು. ಊಟವಾದ ಮೇಲೆ ನನ್ನ ಹಾಗೆ ತೂಕಡಿಸುತ್ತಿವೆ ಅಂದುಕೊಂಡು ಇನ್ನಷ್ಟು ನೀರು ಹಾಕಿದೆ. ಒಂದು ಸಂಜೆ ಅವು ಏಳಲೇ ಇಲ್ಲ. ಆಮೇಲೆ ಕೇಳಿದರೆ ಬೇಕರಿಯವನ ಹಿತ್ತಿಲಲ್ಲೂ ಅದೇ ಕಥೆ, ಎದುರು ಮನೆಯ ನರ್ಸಮ್ಮನ ಹಿತ್ತಿಲಲ್ಲೂ ಅದೇ. ಇಬ್ಬರೂ ನಮ್ಮಲ್ಲೇ ಸಸಿ ಒಯ್ದವರು. ಗಾಬರಿಯಾಗಿ ಕೃಷಿ ಕಚೇರಿಯಿಂದ ಗಿಡದ ಡಾಕ್ಟರಮ್ಮನನ್ನು ಕರೆಸಿದೆ.

ನಮ್ಮ ಮಗಳಿಗಿಂತ ಚಿಕ್ಕವಳು. ಸಸಿಯ ಕಾಂಡ ಸೀಳಿ ಒಳಗಿನ ಕಂದು ಗೆರೆ ತೋರಿಸಿ, ಇದು ಸೊರಗು ರೋಗ ಅಂದಳು. ಬಿಳಿ ಕಾಗದದ ಮೇಲೆ ಮಣ್ಣು ಹರಡಿ ನನ್ನ ಕೈಗೆ ಭೂತಗನ್ನಡಿ ಕೊಟ್ಟಳು. ಇವಳೇ, ನಮ್ಮ ಮಡಿಯೊಳಗೆ ಒಂದು ಸಂತೆಯೇ ನೆರೆದಿದೆ. “ರೋಗಕ್ಕೆ ಕಾಲಿಲ್ಲ ಸರ್, ಕಾಲಿರೋವು ಹೊತ್ಕೊಂಡು ಹೋಗ್ತವೆ” ಅಂದಳು. ಚಿಗಟದ ಹಾಗೆ ನೆಗೆಯುವ ಬಿಳಿ ಹುಳುಗಳ ಮೈಗೆ ರೋಗದ ಬೂಷ್ಟು ಅಂಟಿಕೊಳ್ಳುತ್ತದಂತೆ. ಕಣ್ಣಿಗೆ ಕಾಣದ ದಾರದಂಥ ಜಂತು ಬೇರಿಗೆ ಚುಚ್ಚುತ್ತದಂತೆ, ಆ ತೂತಿನಲ್ಲಿ ರೋಗ ಒಳಗೆ ನುಗ್ಗುತ್ತದಂತೆ. ಸೂಜಿ ಹೋದಲ್ಲಿ ದಾರ ಹೋಗುವುದು ನನಗೆ ಹೇಳಿಕೊಡಬೇಕೇ, ಅಷ್ಟು ಅರ್ಥವಾಯಿತು. ಆಮೇಲೆ ಆ ಮೂಲೆಯಲ್ಲಿ ನೀನು ಸಾಕಿದ ಎರೆಹುಳಕ್ಕೆ ಬಂದಳು. ಅದು ರೋಗದ ಎಲೆ ತಿಂದು ಇನ್ನೆಲ್ಲೋ ಹೋಗಿ ಹಿಕ್ಕೆ ಹಾಕಿದರೆ, ಅದರೊಳಗೆ ಬೂಷ್ಟಿನ ಬೀಜ ಜೀವಂತವಾಗಿ ಇರಬಹುದಂತೆ. ಹಾಗಾದರೆ ಹುಳವನ್ನೆಲ್ಲ ಆರಿಸಿ ಎಸೆಯಲೇ ಎಂದು ಕೇಳಿದರೆ, ಬೇಡವೇ ಬೇಡ, ಅವಿಲ್ಲದಿದ್ದರೆ ಮಣ್ಣೇ ಸಾಯುತ್ತದೆ ಅಂದಳು. ಆ ಬಿಳಿ ಹುಳುಗಳೂ ಬೂಷ್ಟನ್ನು ಹೊರುವುದಷ್ಟೇ ಅಲ್ಲ, ತಿನ್ನುತ್ತವಂತೆ ಕೂಡ. ಕಳ್ಳನೋ ಪೊಲೀಸನೋ ಒಂದು ಹೇಳಮ್ಮಾ ಅಂದೆ. “ಎರಡೂ ಸರ್” ಅಂದಳು. ನನ್ನ ತಲೆ ಕೆಟ್ಟು ಕೆರ ಹಿಡಿಯಿತು.

ಹೊರಡುವ ಮುಂಚೆ, “ಈ ಮಡಿ ಮಣ್ಣು ಬೇರೆ ಎಲ್ಲಿಗಾದ್ರೂ ಹೋಗಿದ್ಯಾ?” ಎಂದು ಕೇಳಿದಳು. ಹೋಗಿದೆ ಅಂದೆ. ಸಸಿ ಕೊಂಡವರಿಗೆಲ್ಲ ನೀನು ಆ ಮೂಲೆಯಿಂದಲೇ ಒಂದು ಹಿಡಿ ಹುಳದ ಮಣ್ಣು ಕಟ್ಟಿಕೊಡುತ್ತೀಯಲ್ಲ, ಗಿಡಕ್ಕೆ ತವರಿನ ಮಣ್ಣು ಜೊತೆಗಿರಲಿ ಎಂದು. ಜನ ಮೂರು ಬೀದಿ ದಾಟಿ ಬರುವುದು ಸಸಿಗಲ್ಲ, ಆ ಹಿಡಿಗೆ, ನಿನ್ನ ಕೈಗುಣಕ್ಕೆ. ಒಯ್ದವರಿಗೆಲ್ಲ ಬೇಗ ತಿಳಿಸಿ ಎಂದು ಹೇಳಿ ಹೋದಳು. ಆ ಜಾಗದಲ್ಲಿ ಮತ್ತೆ ಟೊಮೆಟೊ ನೆಡಬಾರದು, ಅಲ್ಲಿ ಅಗೆದ ಗುದ್ದಲಿಯನ್ನು ತೊಳೆಯದೆ ಇನ್ನೊಂದು ಮಡಿಗೆ ಇಳಿಸಬಾರದಂತೆ.

ಹೇಗೆ ತಿಳಿಸಲಿ? ಹೇಳಿದರೆ ನಿನ್ನ ಹೆಸರು ಮಣ್ಣುಪಾಲು, ಅದೂ ನೀನು ಎದುರಿಗಿಲ್ಲದಾಗ. ಹೇಳದಿದ್ದರೆ ಅವರವರ ಹಿತ್ತಿಲೆಲ್ಲ ಹಾಳು. ಬೀಜದಿಂದಲೂ ಬಂದಿರಬಹುದು, ನೀರಿನಿಂದಲೂ ಬಂದಿರಬಹುದು ಎಂದು ಡಾಕ್ಟರಮ್ಮನೇ ಒಪ್ಪುತ್ತಾಳೆ. ಹಾಗಿದ್ದ ಮೇಲೆ ನನ್ನ ಹೆಂಡತಿಯ ಮೇಲೆ ಯಾಕೆ ಹೊರಿಸಲಿ ಅನ್ನಿಸುತ್ತದೆ. ಮತ್ತೆ ಆ ಮೂಲೆ ನೋಡಿದರೆ ಧೈರ್ಯ ಉಡುಗುತ್ತದೆ. ಹೇಳಿಯೇ ಬಿಡುತ್ತೇನೆಂದು ಬೇಕರಿಗೆ ಹೋದವನು ಪ್ರತಿ ಸಲವೂ ಬ್ರೆಡ್ಡು ಕೊಂಡು ಬಂದಿದ್ದೇನೆ. ಮನೆ ತುಂಬ ಬ್ರೆಡ್ಡಿದೆ. ನೀನು ಒಳ್ಳೆಯದಕ್ಕೇ ಕೊಟ್ಟೆ, ಹುಳವೂ ತನ್ನ ಪಾಡಿಗೆ ತಾನು ಹರಿದಾಡಿತು. ತಪ್ಪು ಯಾರದು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಭಯ ಮಾತ್ರ ಇದೆ. ನೀನು ಹೇಳಿದಂತೆ ಮಾಡುತ್ತೇನೆ, ಅಲ್ಲಿಯವರೆಗೆ ಬಾಯಿ ಹೊಲಿದುಕೊಂಡಿರುತ್ತೇನೆ.

ಮಗಳ ತಲೆ ಸವರಿ ಅಪ್ಪನ ಆಶೀರ್ವಾದ ಹೇಳು. ಪುಟ್ಟಿಯ ಎರಡೂ ಪಾದಕ್ಕೆ ನನ್ನ ಮುತ್ತು. ಬೀಗರಿಗೆ ನಮಸ್ಕಾರ. ನೀನು ಮಂಡಿಗೆ ಎಣ್ಣೆ ಹಚ್ಚಿಕೋ.

ಇಂತಿ,
ನಿನ್ನ ಮನೆಯವನು

ವಿ.ಸೂ.: ಕಾಗದ ಮಡಿಸುತ್ತಿದ್ದೆ, ನರ್ಸಮ್ಮ ಖಾಲಿ ಡಬ್ಬಿ ಹಿಡಿದು ಬಂದಳು. “ಟೊಮೆಟೊ ಎಲ್ಲ ಒಣಗ್ತಿವೆ, ಅಕ್ಕನ ಮಣ್ಣು ಇನ್ನೊಂದು ಹಿಡಿ ಹಾಕಿದ್ರೆ ಚೇತರಿಸ್ಕೊಳ್ತವೇನೋ” ಅಂದಳು. ನನ್ನಿಂದ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಖಾಲಿ ಡಬ್ಬಿಯನ್ನು ಮೆಟ್ಟಿಲ ಮೇಲೆ ಬೋರಲು ಹಾಕಿದಳು. ಆಮೇಲೆ, “ಅಕ್ಕನಿಗೆ ಗೊತ್ತಾ?” ಎಂದು ಕೇಳಿದಳು. ಇಲ್ಲ ಅಂದೆ. “ಬಾಣಂತನ ಮುಗಿಸ್ಕೊಂಡು ಬರ್ಲಿ, ಈಗ್ಲೇ ಹೇಳ್ಬೇಡಿ. ಮನೆಮನೆಗೂ ನಾನೇ ನಿಮ್ ಜೊತೆ ಬಂದು ಹೇಳ್ತೀನಿ” ಅಂದಳು. ಆ ಮಾತಿಗೆ ಈ ಕಾಗದ ಹರಿದು ಹಾಕುವವನಿದ್ದೆ. ಅಷ್ಟರಲ್ಲಿ ಅಳಿಯ ಎದ್ದು ಬಂದ. ಭಾನುವಾರ ಅವರ ಹೊಲದಲ್ಲಿ ಟೊಮೆಟೊ ನಾಟಿಯಂತೆ. ಹೋಗುವಾಗ ಆ ಮೂಲೆಯಿಂದಲೇ ತುಂಬಿ ನೀನು ಒಯ್ದ ಚೀಲದ ಮಣ್ಣನ್ನು ಮೊದಲ ಸಾಲಿಗೇ ಹಾಕಬೇಕೆಂದು ಬೀಗರು ಕಾಯುತ್ತಿದ್ದಾರಂತೆ. ಅವನಿಗೆ ನಾನು ಏನೂ ಹೇಳಿಲ್ಲ, ಅದು ನಿನ್ನ ಬಾಯಿಂದಲೇ ಹೋಗಲಿ. ಅವರಿಗೆ ಹೇಗೆ ಹೇಳುತ್ತೀಯೋ ನೋಡು. ಚೀಲದ ಬಾಯಿ ಮಾತ್ರ ಬಿಚ್ಚಬೇಡ.